ಸರ್ವರ್ ಒಳಗೇ ಕೂತಿರುವ ಸಾಧನಗಳು: ಐಡ್ರ್ಯಾಕ್ ಮತ್ತು ಲೈಫ್‌ಸೈಕಲ್ ಕಂಟ್ರೋಲರ್ ಬಳಸುವ ಕ್ರಮ

ರ‍್ಯಾಕ್‌ನಲ್ಲಿ ಕೂರಿಸುವ ಸರ್ವರ್ ಪೆಟ್ಟಿಗೆಯೊಳಗೆ ಎರಡು ಕಂಪ್ಯೂಟರುಗಳಿರುತ್ತವೆ. ಮೊದಲನೆಯದು ಎಲ್ಲರಿಗೂ ಗೊತ್ತಿರುವಂಥದ್ದು: ಲಿನಕ್ಸ್, ವಿಂಡೋಸ್ ಅಥವಾ ಇಎಸ್‌ಎಕ್ಸ್ಐ ಓಡುವ ದೊಡ್ಡ ಯಂತ್ರ. ಎರಡನೆಯದು ಮದರ್‌ಬೋರ್ಡಿನ ಮೇಲೆ ಬೆಸೆದಿರುವ ಪುಟ್ಟ ಚಿಪ್. ಅದಕ್ಕೆ ಅದರದೇ ಪ್ರೊಸೆಸರ್, ಅದರದೇ ಮೆಮೊರಿ, ಅದರದೇ ನೆಟ್‌ವರ್ಕ್ ಪೋರ್ಟ್ ಇರುತ್ತದೆ. ಪವರ್ ಕೇಬಲ್ ಚುಚ್ಚಿದ್ದರೆ ಸಾಕು, ಸರ್ವರ್ ಆಫ್ ಆಗಿದ್ದರೂ ಅದು ಎಚ್ಚರವಾಗಿಯೇ ಇರುತ್ತದೆ. ಇದರ ಸಾಮಾನ್ಯ ಹೆಸರು ಬೇಸ್‌ಬೋರ್ಡ್ ಮ್ಯಾನೇಜ್‌ಮೆಂಟ್ ಕಂಟ್ರೋಲರ್, ಬಾಯಿಮಾತಿನಲ್ಲಿ ಬಿಎಂಸಿ. ಡೆಲ್ ಕಂಪನಿ ಇದನ್ನು ಐಡ್ರ್ಯಾಕ್ ಎನ್ನುತ್ತದೆ, ಎಚ್‌ಪಿಇ ಐಎಲ್ಒ ಎನ್ನುತ್ತದೆ, ಲೆನೊವೊ ಎಕ್ಸ್‌ಕ್ಲ್ಯಾರಿಟಿ ಕಂಟ್ರೋಲರ್ ಎನ್ನುತ್ತದೆ. ಸೂಪರ್‌ಮೈಕ್ರೋ ಬಳಸುವವರು ಸುಮ್ಮನೆ ‘ಐಪಿಎಂಐ’ ಎಂದು ಕರೆಯುತ್ತಾರೆ, ಅದು ಚಿಪ್‌ನ ಹೆಸರಲ್ಲ, 1998ರಲ್ಲಿ ಬಂದ ಒಂದು ಮಾನದಂಡದ ಹೆಸರು ಎಂಬುದು ಗೊತ್ತಿದ್ದರೂ.

ಡೆಲ್ ಸರ್ವರುಗಳಲ್ಲಿ ಇದರ ಜೊತೆಗೆ ಲೈಫ್‌ಸೈಕಲ್ ಕಂಟ್ರೋಲರ್ ಎಂಬ ಇನ್ನೊಂದು ಸಾಧನವಿದೆ; ಸರ್ವರನ್ನು ಸಿದ್ಧಪಡಿಸಲು, ಆಪರೇಟಿಂಗ್ ಸಿಸ್ಟಂ ಹಾಕಲು ಬೇಕಾದ ತಂತ್ರಾಂಶ ಅದರಲ್ಲಿರುತ್ತದೆ. ಹಿಂದೆ ಹೊಸ ಸರ್ವರ್‌ಗೆ ಆಪರೇಟಿಂಗ್ ಸಿಸ್ಟಂ ಹಾಕಬೇಕಾದರೆ ಪೆಟ್ಟಿಗೆಯೊಂದಿಗೆ ಬಂದ ಡಿವಿಡಿಯನ್ನು ಹುಡುಕಬೇಕಿತ್ತು; ರೇಡ್ ಕಾರ್ಡಿನ (ಹಲವು ಡಿಸ್ಕುಗಳನ್ನು ಒಂದಾಗಿ ಕೂಡಿಸಿ, ಒಂದು ಕೆಟ್ಟರೂ ದತ್ತಾಂಶ ಉಳಿಯುವಂತೆ ನೋಡಿಕೊಳ್ಳುವ ಕಾರ್ಡು) ಡ್ರೈವರ್ ಆ ಡಿವಿಡಿಯಲ್ಲಿರುತ್ತಿತ್ತು, ಡಿವಿಡಿ ಯಾರದೋ ಮೇಜಿನ ಖಾನೆಯಲ್ಲಿರುತ್ತಿತ್ತು. 2009ರಲ್ಲಿ ಬಂದ ಹನ್ನೊಂದನೇ ಪೀಳಿಗೆಯ ಪವರ್‌ಎಡ್ಜ್ ಸರ್ವರುಗಳಿಂದ ಡೆಲ್ ಆ ಸಾಮಗ್ರಿಯನ್ನೆಲ್ಲ ಮದರ್‌ಬೋರ್ಡಿನ ಫ್ಲ್ಯಾಶ್ ಮೆಮೊರಿಗೇ ತುಂಬಿಸಿತು. ಎಚ್‌ಪಿ ಸಹ 2012ರ ಜೆನ್8 ಸರ್ವರುಗಳಲ್ಲಿ ಸ್ಮಾರ್ಟ್‌ಸ್ಟಾರ್ಟ್ ಸಿಡಿಯನ್ನು ಕೈಬಿಟ್ಟು ಇಂಟೆಲಿಜೆಂಟ್ ಪ್ರಾವಿಷನಿಂಗ್ ಎಂಬ ಒಳಗಿನ ಸಾಧನವನ್ನು ತಂದಿತು. ಎರಡರಲ್ಲೂ ಸರ್ವರ್ ಚಾಲೂ ಆಗುವಾಗ ಎಫ್10 ಒತ್ತಿದರೆ ಒಳಗೆ ಹೋಗಬಹುದು.

ಈ ಲೇಖನದಲ್ಲಿ ಐಡ್ರ್ಯಾಕ್9 ಇರುವ ಪವರ್‌ಎಡ್ಜ್ ಸರ್ವರನ್ನು, ಅಂದರೆ 2017ರಲ್ಲಿ ಬಂದ ಹದಿನಾಲ್ಕನೇ ಪೀಳಿಗೆ ಮತ್ತು ಅದರ ನಂತರದ ಎರಡು ಪೀಳಿಗೆಗಳನ್ನು, ಉದಾಹರಣೆಯಾಗಿ ಇಟ್ಟುಕೊಂಡಿದ್ದೇನೆ. ಫರ್ಮ್‌ವೇರ್ (ಚಿಪ್ಪಿನೊಳಗೇ ಇರುವ ತಂತ್ರಾಂಶ) ಆವೃತ್ತಿ ಬದಲಾದಂತೆ ಮೆನುಗಳ ಜಾಗ ಅಷ್ಟಿಷ್ಟು ಬದಲಾಗುತ್ತದೆ. ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ: ಈ ಸಾಧನಗಳನ್ನು ಸಿದ್ಧ ಮಾಡಿಕೊಳ್ಳಬೇಕಾದದ್ದು ಸರ್ವರ್ ಇನ್ನೂ ನಿಮ್ಮ ಕಣ್ಣೆದುರಿನ ಮೇಜಿನ ಮೇಲಿರುವ ದಿನ. ಅದು ಬೇರೆ ಊರಿನ ಡೇಟಾ ಸೆಂಟರ್ ಸೇರಿ, ಒಂದು ನಡುರಾತ್ರಿ ಉತ್ತರ ಕೊಡದೆ ನಿಂತಾಗ ಐಡ್ರ್ಯಾಕ್‌ನ ಪಾಸ್‌ವರ್ಡ್ ಏನೆಂದು ಹುಡುಕಲು ಹೊರಟರೆ ಪ್ರಯೋಜನವಿಲ್ಲ.

ಮೊದಲ ಹೆಜ್ಜೆ: ಐಡ್ರ್ಯಾಕ್‌ಗೆ ದಾರಿ ಮಾಡಿಕೊಡುವುದು

ಪವರ್ ಕೇಬಲ್ ಚುಚ್ಚಿದ ಕೂಡಲೇ ಪವರ್ ಗುಂಡಿ ಕೆಲಸ ಮಾಡದಿದ್ದರೆ ಗಾಬರಿಯಾಗಬೇಡಿ. ಐಡ್ರ್ಯಾಕ್ ತಾನು ಪೂರ್ತಿ ಎದ್ದು ಕೂರಲು ಒಂದೆರಡು ನಿಮಿಷ ತೆಗೆದುಕೊಳ್ಳುತ್ತದೆ, ಅಲ್ಲಿಯವರೆಗೆ ಸರ್ವರ್ ಕಾಯುತ್ತದೆ. ಆಮೇಲೆ ಸರ್ವರ್ ಆನ್ ಮಾಡಿ, ಎಫ್2 ಒತ್ತಿ ಸಿಸ್ಟಂ ಸೆಟಪ್ ಒಳಗೆ ಹೋಗಿ, ಐಡ್ರ್ಯಾಕ್ ಸೆಟ್ಟಿಂಗ್ಸ್‌ನಲ್ಲಿ ನೆಟ್‌ವರ್ಕ್ ಎಂಬುದನ್ನು ತೆರೆಯಿರಿ.

ಇಲ್ಲಿ ಮೊದಲು ಕಾಣುವ ಪ್ರಶ್ನೆ, ಐಡ್ರ್ಯಾಕ್ ಯಾವ ಪೋರ್ಟ್ ಬಳಸಬೇಕು ಎಂಬುದು. ‘ಡೆಡಿಕೇಟೆಡ್’ ಎಂದು ಕೊಟ್ಟರೆ ಸರ್ವರಿನ ಹಿಂಬದಿಯಲ್ಲಿ ಐಡ್ರ್ಯಾಕ್‌ಗೆಂದೇ ಇರುವ ಪೋರ್ಟ್ ಬಳಕೆಯಾಗುತ್ತದೆ. ‘ಎಲ್ಒಎಂ1’ ಮುಂತಾಗಿ ಕೊಟ್ಟರೆ ಸರ್ವರಿನ ಸಾಮಾನ್ಯ ನೆಟ್‌ವರ್ಕ್ ಪೋರ್ಟನ್ನೇ ಇಬ್ಬರೂ ಹಂಚಿಕೊಳ್ಳುತ್ತಾರೆ. ಒಂದು ಕೇಬಲ್ ಮತ್ತು ಸ್ವಿಚ್‌ನ ಒಂದು ಪೋರ್ಟ್ ಉಳಿಯುತ್ತದೆಂಬ ಆಸೆಗೆ ಎರಡನೆಯದನ್ನು ಆರಿಸಿಕೊಳ್ಳುವವರು ಬಹಳ. ಆದರೆ ಆ ಪೋರ್ಟಿನ ವಿಎಲ್ಎಎನ್ (ಒಂದೇ ನೆಟ್‌ವರ್ಕನ್ನು ಭಾಗಗಳಾಗಿ ಬೇರ್ಪಡಿಸುವ) ಸೆಟ್ಟಿಂಗ್ ಯಾರಾದರೂ ತಪ್ಪಾಗಿ ಬದಲಿಸಿದರೆ ಸರ್ವರ್ ಕೈತಪ್ಪುತ್ತದೆ, ಅದನ್ನು ಸರಿಪಡಿಸಲು ಬೇಕಾದ ಐಡ್ರ್ಯಾಕ್ ಕೂಡ ಅದರೊಂದಿಗೇ ಕೈತಪ್ಪುತ್ತದೆ. ಹಿತ್ತಿಲ ಬಾಗಿಲಿಗೆ ಮುಂಬಾಗಿಲ ಮೂಲಕವೇ ದಾರಿ ಇಟ್ಟಂತೆ. ಪ್ರತ್ಯೇಕ ಪೋರ್ಟನ್ನೇ ಬಳಸಿ, ಅದರ ಕೇಬಲ್ ಸಾಧ್ಯವಾದರೆ ಬೇರೆಯದೇ ಸ್ವಿಚ್‌ಗೆ ಹೋಗಲಿ.

ನಂತರ ಐಪಿ ವಿಳಾಸ. ಡೆಲ್ ದಾಖಲೆಗಳಲ್ಲಿ ಐಡ್ರ್ಯಾಕ್‌ನ ಮೂಲ ವಿಳಾಸ 192.168.0.120 ಎಂದಿರುತ್ತದೆ. ಅದನ್ನು ಬಿಟ್ಟು ನಿಮ್ಮ ಮ್ಯಾನೇಜ್‌ಮೆಂಟ್ ನೆಟ್‌ವರ್ಕಿನ ಸ್ಥಿರ ವಿಳಾಸವೊಂದನ್ನು ಕೊಟ್ಟು, ಅದನ್ನು ಸರ್ವರಿನ ಮುಂಭಾಗದಲ್ಲಿ ಎಳೆದರೆ ಹೊರಬರುವ ಪ್ಲಾಸ್ಟಿಕ್ ಪಟ್ಟಿಯ ಮೇಲೆ ಬರೆದಿಡಿ. ಆ ಪಟ್ಟಿಯಲ್ಲಿ ಸರ್ವಿಸ್ ಟ್ಯಾಗ್, ಅಂದರೆ ಆ ಸರ್ವರಿನ ಗುರುತಿನ ಸಂಖ್ಯೆ, ಇರುತ್ತದೆ. ಕೊಳ್ಳುವಾಗ ಆ ಆಯ್ಕೆ ಮಾಡಿದ್ದರೆ ಆ ಸರ್ವರ್‌ಗೆಂದೇ ಕಾರ್ಖಾನೆಯಲ್ಲಿ ಇಟ್ಟ ಪಾಸ್‌ವರ್ಡ್ ಸಹ ಅದರಲ್ಲೇ ಇರುತ್ತದೆ.

ಮಾನಿಟರು ಮತ್ತು ಕೀಬೋರ್ಡು ಹೊತ್ತುಕೊಂಡು ಹೋಗುವುದು ಬೇಡವೆನ್ನುವವರಿಗೆ ಒಂದು ಸುಲಭದ ದಾರಿಯಿದೆ. ಈ ಪೀಳಿಗೆಯ ಬಹುಪಾಲು ಸರ್ವರುಗಳ ಮುಂಭಾಗದಲ್ಲಿ ಐಡ್ರ್ಯಾಕ್ ಡೈರೆಕ್ಟ್ ಎಂಬ ಪುಟ್ಟ ಮೈಕ್ರೋ ಯುಎಸ್‌ಬಿ ಕಿಂಡಿ ಇರುತ್ತದೆ. ಹಳೆಯ ಫೋನಿನ ಡೇಟಾ ಕೇಬಲ್ ಒಂದನ್ನು ಅದಕ್ಕೂ ಲ್ಯಾಪ್‌ಟಾಪಿಗೂ ಜೋಡಿಸಿದರೆ ಲ್ಯಾಪ್‌ಟಾಪಿಗೆ 169.254.0.4 ಎಂಬ ವಿಳಾಸ ಸಿಗುತ್ತದೆ, ಬ್ರೌಸರಿನಲ್ಲಿ 169.254.0.3 ಎಂದು ಕೊಟ್ಟರೆ ಐಡ್ರ್ಯಾಕ್‌ನ ಲಾಗಿನ್ ಪುಟ ತೆರೆದುಕೊಳ್ಳುತ್ತದೆ. ಚಾರ್ಜಿಂಗ್‌ಗೆ ಮಾತ್ರ ಆಗುವ ಕೇಬಲ್ ಕೆಲಸಕ್ಕೆ ಬಾರದು. ಇದನ್ನು ತಿಳಿಯಲು ನಾನು ಅರ್ಧ ಗಂಟೆ ಕಳೆದಿದ್ದೇನೆ.

ಎರಡನೆಯ ಹೆಜ್ಜೆ: ಬೀಗ ಹಾಕುವುದು

ಐಡ್ರ್ಯಾಕ್ ಕೈಗೆ ಸಿಕ್ಕವರಿಗೆ ಸರ್ವರ್ ಸಿಕ್ಕಂತೆಯೇ. ಅವರು ಅದನ್ನು ಆಫ್ ಮಾಡಬಹುದು, ತಮ್ಮ ಐಎಸ್ಒ ಕಡತದಿಂದ (ಡಿವಿಡಿಯ ಪೂರ್ತಿ ನಕಲಿನಂಥ ಕಡತ) ಬೂಟ್ ಮಾಡಬಹುದು, ಡಿಸ್ಕುಗಳನ್ನು ಅಳಿಸಬಹುದು, ಮತ್ತು ಇದನ್ನೆಲ್ಲ ಯಾರು ಮಾಡಿದರೆಂಬುದು ನಿಮ್ಮ ಆಪರೇಟಿಂಗ್ ಸಿಸ್ಟಂನ ಲಾಗ್‌ಗಳಲ್ಲಿ ದಾಖಲಾಗುವುದಿಲ್ಲ. ಆದರೂ ‘ರೂಟ್’ ಎಂಬ ಬಳಕೆದಾರ ಮತ್ತು ‘ಕ್ಯಾಲ್ವಿನ್’ ಎಂಬ ಜಗಜ್ಜಾಹೀರು ಪಾಸ್‌ವರ್ಡ್ ಹಾಗೆಯೇ ಉಳಿದಿರುವ ಡೆಲ್ ಸರ್ವರುಗಳನ್ನು ನಾನು ಈಗಲೂ ನೋಡುತ್ತೇನೆ. ಮೊದಲ ಲಾಗಿನ್‌ನಲ್ಲೇ ಪಾಸ್‌ವರ್ಡ್ ಬದಲಿಸಿ. ಬಳಕೆದಾರರ ಪಟ್ಟಿಯಲ್ಲಿ ನಿಮ್ಮ ಹೆಸರಿನ ಬೇರೆ ಖಾತೆಯನ್ನು ಮಾಡಿಕೊಂಡು, ನಿತ್ಯದ ಕೆಲಸಕ್ಕೆ ಅದನ್ನೇ ಬಳಸಿ. ಯಾರು ಯಾವಾಗ ಸರ್ವರ್ ರೀಬೂಟ್ ಮಾಡಿದರು ಎಂಬುದು ಲೈಫ್‌ಸೈಕಲ್ ಲಾಗ್‌ನಲ್ಲಿ ಹೆಸರಿನೊಂದಿಗೆ ಉಳಿಯುತ್ತದೆ.

‘ಐಪಿಎಂಐ ಓವರ್ ಲ್ಯಾನ್’ ಎಂಬ ಸೌಲಭ್ಯವನ್ನು, ಅದನ್ನು ಬೇಡುವ ಹಳೆಯ ತಂತ್ರಾಂಶ ಯಾವುದೂ ನಿಮ್ಮಲ್ಲಿ ಇಲ್ಲದಿದ್ದರೆ, ಆಫ್ ಆಗಿಯೇ ಇಡಿ. 2004ರ ಐಪಿಎಂಐ 2.0 ಮಾನದಂಡದ ರಚನೆಯಲ್ಲೇ ಒಂದು ದೋಷವಿದೆ. ಲಾಗಿನ್ ಪೂರ್ಣಗೊಳ್ಳುವ ಮೊದಲೇ ಅದು ಪಾಸ್‌ವರ್ಡ್‌ನಿಂದ ತಯಾರಿಸಿದ ಹ್ಯಾಶನ್ನು (ಪಾಸ್‌ವರ್ಡಿನ ಗುಪ್ತರೂಪ) ಕೇಳಿದವರಿಗೆ ಕೊಟ್ಟುಬಿಡುತ್ತದೆ. ಪಡೆದವರು ಅದನ್ನು ಮನೆಗೆ ಒಯ್ದು ನಿಧಾನವಾಗಿ ಒಡೆಯಬಹುದು. ಇದು ಮಾನದಂಡದ್ದೇ ದೋಷವಾದ್ದರಿಂದ ಯಾವ ಅಪ್‌ಡೇಟಿನಿಂದಲೂ ಸರಿಹೋಗುವುದಿಲ್ಲ. ಸ್ಕ್ರಿಪ್ಟ್ ಮೂಲಕ ನಿರ್ವಹಿಸುವವರು 2015ರಲ್ಲಿ ಬಂದ ರೆಡ್‌ಫಿಶ್ ಮಾನದಂಡವನ್ನು ಬಳಸಬೇಕು. ಅದು ಎಚ್‌ಟಿಟಿಪಿಎಸ್ ಮೇಲೆ ನಡೆಯುತ್ತದೆ.

ಐಡ್ರ್ಯಾಕ್‌ಗೆ ಸಾರ್ವಜನಿಕ ಐಪಿ ವಿಳಾಸ ಕೊಡುವ ಯೋಚನೆಯನ್ನೇ ಬಿಟ್ಟುಬಿಡಿ. ಹೊರಗಿನಿಂದ ತಲುಪಬೇಕಾದರೆ ವಿಪಿಎನ್ ಮೂಲಕವೇ ತಲುಪಬೇಕು. ಯಾವ ಕಂಪನಿಯ ಬಿಎಂಸಿಯೂ ಈ ಮಾತಿಗೆ ಹೊರತಲ್ಲ. 2017ರಲ್ಲಿ ಐಎಲ್ಒ4ರಲ್ಲಿ ಕಂಡ ದೋಷ ಎಷ್ಟು ಸರಳವಾಗಿತ್ತೆಂದರೆ, ಎಚ್‌ಟಿಟಿಪಿ ಕೋರಿಕೆಯ ಒಂದು ಸಾಲಿನಲ್ಲಿ ‘ಎ’ ಅಕ್ಷರವನ್ನು 29 ಸಲ ಬರೆದು ಕಳಿಸಿದರೆ ಪಾಸ್‌ವರ್ಡ್ ಇಲ್ಲದೆಯೇ ಒಳಗೆ ಬಿಡುತ್ತಿತ್ತು. ಹಲವು ತಯಾರಕರು ಬಳಸುವ ಎಎಂಐ ಮೆಗಾರ‍್ಯಾಕ್ ಎಂಬ ಬಿಎಂಸಿ ತಂತ್ರಾಂಶದಲ್ಲಿ ಇಂಥದೇ ಲಾಗಿನ್ ದೋಷವೊಂದು ಸಿಕ್ಕಿದಾಗ, ಅಮೆರಿಕದ ಸೈಬರ್ ಭದ್ರತಾ ಸಂಸ್ಥೆ ಸಿಸಾ 2025ರ ಜೂನ್‌ನಲ್ಲಿ ಅದನ್ನು ದಾಳಿಕೋರರು ಈಗಾಗಲೇ ಬಳಸುತ್ತಿರುವ ದೋಷಗಳ ಪಟ್ಟಿಗೆ ಸೇರಿಸಿತು.

ಮೂರನೆಯ ಹೆಜ್ಜೆ: ಗಡಿಯಾರ

ಇದು ಎರಡು ನಿಮಿಷದ ಕೆಲಸ. ಐಡ್ರ್ಯಾಕ್ ಸೆಟ್ಟಿಂಗ್ಸ್‌ನಲ್ಲಿ ಟೈಮ್ ಝೋನ್ ಅನ್ನು ಏಷ್ಯಾ/ಕೋಲ್ಕತಾ ಎಂದು ಆರಿಸಿ, ನಿಮ್ಮ ನೆಟ್‌ವರ್ಕಿನ ಎನ್‌ಟಿಪಿ ಸರ್ವರಿನ (ಸರಿಯಾದ ಸಮಯ ಹೇಳುವ ಯಂತ್ರದ) ವಿಳಾಸ ಕೊಡಿ, ಅಷ್ಟೇ.

ಇದನ್ನು ಮಾಡದೆ ಬಿಟ್ಟು ನಾನೇ ಪಟ್ಟ ಪಾಡು ಹೇಳುತ್ತೇನೆ. ನಾನು ನೋಡಿಕೊಳ್ಳುತ್ತಿದ್ದ ಸರ್ವರ್ ಒಂದರ ಲಾಗ್‌ನಲ್ಲಿ ವಾರಕ್ಕೊಮ್ಮೆ, 21:47ರ ಆಸುಪಾಸಿನಲ್ಲಿ, ಪಿಎಸ್‌ಯು0003 ಎಂಬ ಸಂದೇಶ ಬರುತ್ತಿತ್ತು. ಎರಡನೇ ಪವರ್ ಸಪ್ಲೈಗೆ ಕರೆಂಟು ಬರುವುದು ನಿಂತಿದೆ ಎಂಬುದು ಅದರ ಅರ್ಥ. ನಿಮಿಷದೊಳಗೆ ಎಲ್ಲವೂ ಸರಿಹೋಗುತ್ತಿತ್ತು. ರಾತ್ರಿ ಒಂಬತ್ತೂ ಮುಕ್ಕಾಲಿಗೆ ಆ ಕೋಣೆಯಲ್ಲಿ ಏನಾಗುತ್ತದೆಂದು ಎರಡು ವಾರ ಕಾದು ನೋಡಿದೆವು. ಕಾವಲುಗಾರರನ್ನು ಕೇಳಿದೆವು, ಕಸ ಗುಡಿಸುವವರು ಪ್ಲಗ್ ಕಿತ್ತರೇನೋ ಎಂದು ಅವರನ್ನೂ ಅನುಮಾನಿಸಿದೆವು. ಕಡೆಗೆ ಹೊಳೆದದ್ದು ಐಡ್ರ್ಯಾಕ್‌ನ ಗಡಿಯಾರ ಯುಟಿಸಿಯಲ್ಲಿ ನಡೆಯುತ್ತಿದೆ ಎಂದು. ಐದೂವರೆ ಗಂಟೆ ಕೂಡಿಸಿದರೆ ಅದು ಬೆಳಗಿನ ಜಾವ 3:17, ಎರಡು ಯುಪಿಎಸ್‌ಗಳಲ್ಲಿ ಒಂದು ತನ್ನನ್ನು ತಾನೇ ಪರೀಕ್ಷೆ ಮಾಡಿಕೊಳ್ಳುವ ಹೊತ್ತು. ಅದರ ಬ್ಯಾಟರಿ ಸತ್ತಿತ್ತು. ಇನ್ನೊಂದು ಪವರ್ ಸಪ್ಲೈ ಬೇರೆ ಯುಪಿಎಸ್‌ಗೆ ಸೇರಿದ್ದರಿಂದ ಸರ್ವರ್ ಉಳಿದಿತ್ತು.

ನಾಲ್ಕನೆಯ ಹೆಜ್ಜೆ: ಫರ್ಮ್‌ವೇರ್

ಆಪರೇಟಿಂಗ್ ಸಿಸ್ಟಂ ಹಾಕುವ ಮೊದಲು ಫರ್ಮ್‌ವೇರ್ ಹೊಸದು ಮಾಡಿಕೊಳ್ಳುವುದು ಒಳ್ಳೆಯದು. ಆಮೇಲೆ ಪ್ರತಿ ರೀಬೂಟಿಗೂ ಯಾರದಾದರೂ ಅನುಮತಿ ಬೇಕಾಗುತ್ತದೆ. ಮೊದಲು ಐಡ್ರ್ಯಾಕ್, ಆಮೇಲೆ ಬಯಾಸ್ (ಸರ್ವರ್ ಆನ್ ಆದಾಗ ಮೊದಲು ಓಡುವ ತಂತ್ರಾಂಶ), ಆಮೇಲೆ ರೇಡ್ ಕಾರ್ಡ್, ನೆಟ್‌ವರ್ಕ್ ಕಾರ್ಡ್ ಮತ್ತು ಡಿಸ್ಕುಗಳು ಎಂಬ ಅನುಕ್ರಮವನ್ನು ಪಾಲಿಸಿ. ಅಪ್‌ಡೇಟುಗಳನ್ನು ಒಳಗೆ ಹಾಕುವುದು ಐಡ್ರ್ಯಾಕ್ ಆದ್ದರಿಂದ ಅದು ಹಳೆಯದಿದ್ದರೆ ಹೊಸ ಕಡತಗಳನ್ನು ಗುರುತಿಸದೇ ಹೋಗಬಹುದು.

ಮಾಡುವ ಬಗೆ ಎರಡು. ಇಂಟರ್‌ನೆಟ್ ಇದ್ದರೆ ಎಫ್10 ಒತ್ತಿ, ಲೈಫ್‌ಸೈಕಲ್ ಕಂಟ್ರೋಲರ್‌ನಲ್ಲಿ ಫರ್ಮ್‌ವೇರ್ ಅಪ್‌ಡೇಟ್ ಆರಿಸಿ, ಡೆಲ್‌ನ ಎಚ್‌ಟಿಟಿಪಿಎಸ್ ತಾಣವನ್ನು ಮೂಲವೆಂದು ಕೊಡಿ. ನಿಮ್ಮಲ್ಲಿ ಏನಿದೆ, ಅಲ್ಲಿ ಏನಿದೆ ಎಂಬ ಹೋಲಿಕೆಯ ಪಟ್ಟಿಯನ್ನು ಅದೇ ತೋರಿಸುತ್ತದೆ. ಇಂಟರ್‌ನೆಟ್ ಇಲ್ಲದ ಕಡೆ, ಸರ್ವಿಸ್ ಟ್ಯಾಗ್ ಕೊಟ್ಟು ಡೆಲ್ ತಾಣದಿಂದ ಕಡತಗಳನ್ನು ಇಳಿಸಿಕೊಂಡು, ಐಡ್ರ್ಯಾಕ್‌ನ ವೆಬ್ ಪುಟದಲ್ಲಿ ಏರಿಸಿ. ಇಲ್ಲಿ ಅನೇಕರು ಮುಗ್ಗರಿಸುತ್ತಾರೆ: ಸರ್ವರಿನಲ್ಲಿರುವುದು ಲಿನಕ್ಸ್ ಆಗಿದ್ದರೂ ಐಡ್ರ್ಯಾಕ್‌ಗೆ ಏರಿಸಬೇಕಾದದ್ದು 64 ಬಿಟ್ ವಿಂಡೋಸ್‌ಗಾಗಿ ಎಂದು ಬರೆದಿರುವ ಕಡತವನ್ನೇ. ಆ ಪೊಟ್ಟಣವನ್ನು ಐಡ್ರ್ಯಾಕ್ ತಾನೇ ಬಿಚ್ಚಿ ಒಳಗಿನದನ್ನು ತೆಗೆದುಕೊಳ್ಳುತ್ತದೆ, ವಿಂಡೋಸ್‌ಗೂ ಅದಕ್ಕೂ ಸಂಬಂಧವಿಲ್ಲ.

ಐಡ್ರ್ಯಾಕ್‌ನ ಅಪ್‌ಡೇಟ್ ಕೂಡಲೇ ನಡೆಯುತ್ತದೆ. ನಿಮ್ಮ ಬ್ರೌಸರಿನ ಸಂಪರ್ಕ ಕೆಲವು ನಿಮಿಷ ಕಡಿದುಹೋಗುತ್ತದೆ, ಆದರೆ ಸರ್ವರ್ ತನ್ನ ಪಾಡಿಗೆ ಓಡುತ್ತಿರುತ್ತದೆ. ಬಯಾಸ್ ಮತ್ತು ರೇಡ್ ಕಾರ್ಡಿನವು ಜಾಬ್ ಕ್ಯೂ ಎಂಬ ಸರದಿಯಲ್ಲಿ ಕಾದು ಮುಂದಿನ ರೀಬೂಟಿನಲ್ಲಿ ನಡೆಯುತ್ತವೆ. ಈ ಸರದಿಯನ್ನು ಮರೆಯಬೇಡಿ, ತಿಂಗಳ ಹಿಂದೆ ಸೇರಿಸಿ ಮರೆತ ಬಯಾಸ್ ಅಪ್‌ಡೇಟ್ ಒಂದು ತುರ್ತಿನ ರೀಬೂಟಿನ ಹೊತ್ತಿಗೇ ಎದ್ದು ಕೂತು ಇಪ್ಪತ್ತು ನಿಮಿಷ ನುಂಗಬಲ್ಲದು. ತುಂಬಾ ಹಳೆಯ ಆವೃತ್ತಿಯಿಂದ ಇತ್ತೀಚಿನದಕ್ಕೆ ಒಂದೇ ನೆಗೆತಕ್ಕೆ ಹೋಗಲಾಗದ ಸಂದರ್ಭಗಳೂ ಇವೆ. ನಡುವೆ ಯಾವ ಆವೃತ್ತಿಯಲ್ಲಿ ಇಳಿಯಬೇಕೆಂದು ಬಿಡುಗಡೆ ಟಿಪ್ಪಣಿಯಲ್ಲಿ ಇರುತ್ತದೆ. ಹೊಸದು ಕೈಕೊಟ್ಟರೆ ರೋಲ್‌ಬ್ಯಾಕ್ ಪುಟದಿಂದ ಹಿಂದಿನ ಆವೃತ್ತಿಗೆ ಮರಳಬಹುದು.

ಐದನೆಯ ಹೆಜ್ಜೆ: ಡಿಸ್ಕು, ಬಯಾಸ್, ಆಪರೇಟಿಂಗ್ ಸಿಸ್ಟಂ

ರೇಡ್ ಮಟ್ಟವನ್ನು ಮೊದಲು ಕಾಗದದ ಮೇಲೆ ತೀರ್ಮಾನಿಸಿಕೊಳ್ಳಿ. 2.4 ಟಿಬಿಯ ಎಂಟು ಡಿಸ್ಕುಗಳಿವೆ ಎಂದಿಟ್ಟುಕೊಳ್ಳಿ. ರೇಡ್ 5ರಲ್ಲಿ 16.8 ಟಿಬಿ ಜಾಗ ಸಿಗುತ್ತದೆ, ಒಂದು ಡಿಸ್ಕು ಹೋದರೆ ತಡೆದುಕೊಳ್ಳುತ್ತದೆ. ರೇಡ್ 6ರಲ್ಲಿ 14.4 ಟಿಬಿ, ಯಾವುದೇ ಎರಡು ಡಿಸ್ಕು ಹೋದರೂ ದತ್ತಾಂಶ ಉಳಿಯುತ್ತದೆ. ರೇಡ್ 10ರಲ್ಲಿ 9.6 ಟಿಬಿ ಮಾತ್ರ, ಆದರೆ ಬರೆಯುವ ವೇಗ ಚೆನ್ನಾಗಿರುತ್ತದೆ, ಡೇಟಾಬೇಸ್‌ಗೆ ಹೊಂದುತ್ತದೆ. ಒಂದೇ ತಾರೀಖಿನಲ್ಲಿ ಕೊಂಡ ಒಂದೇ ಮಾದರಿಯ ಡಿಸ್ಕುಗಳು ಹೆಚ್ಚುಕಡಿಮೆ ಒಟ್ಟಿಗೇ ಮುದಿಯಾಗುತ್ತವೆ ಎಂಬ ಕಾರಣಕ್ಕೆ, ಇಷ್ಟು ದೊಡ್ಡ ಡಿಸ್ಕುಗಳ ಮೇಲೆ ನಾನು ರೇಡ್ 5 ಹಾಕುವುದಿಲ್ಲ. ಆಪರೇಟಿಂಗ್ ಸಿಸ್ಟಂಗೆ ಎರಡು ಚಿಕ್ಕ ಡಿಸ್ಕುಗಳ ರೇಡ್ 1 ಬೇರೆಯೇ ಇರಲಿ. ಬಾಸ್ ಎಂಬ ಕಾರ್ಡ್ ಕೊಂಡಿದ್ದರೆ ಅದರ ಎರಡು ಎಂ.2 ಡಿಸ್ಕುಗಳು ಇದೇ ಕೆಲಸಕ್ಕೆಂದು ಬಂದಿರುತ್ತವೆ.

ಲೈಫ್‌ಸೈಕಲ್ ಕಂಟ್ರೋಲರ್‌ನ ಹಾರ್ಡ್‌ವೇರ್ ಕಾನ್ಫಿಗರೇಷನ್ ವಿಭಾಗದಲ್ಲಿ ರೇಡ್ ವಿಝಾರ್ಡ್ ತೆರೆದರೆ ಅದು ಒಂದೊಂದಾಗಿ ಕೇಳುತ್ತಾ ಹೋಗುತ್ತದೆ. ಒಂದೇ ಒಂದು ಎಚ್ಚರಿಕೆ: ಹಿಂದೆ ಬೇರೆ ಸರ್ವರಿನಲ್ಲಿದ್ದ ಡಿಸ್ಕುಗಳನ್ನು ಹಾಕಿದಾಗ ‘ಫಾರಿನ್ ಕಾನ್ಫಿಗರೇಷನ್’ ಎಂಬ ಸಂದೇಶ ಬರುತ್ತದೆ. ಅದರ ಮುಂದೆ ಇಂಪೋರ್ಟ್ ಮತ್ತು ಕ್ಲಿಯರ್ ಎಂಬ ಎರಡು ಆಯ್ಕೆಗಳಿರುತ್ತವೆ. ಆ ಡಿಸ್ಕುಗಳಲ್ಲಿ ಬೇಕಾದ ದತ್ತಾಂಶವಿದ್ದರೆ, ಅಥವಾ ಇದೆಯೋ ಇಲ್ಲವೋ ಗೊತ್ತಿಲ್ಲದಿದ್ದರೆ, ಕ್ಲಿಯರ್ ಎಂಬುದರ ಹತ್ತಿರ ಬೆರಳು ಹೋಗದಿರಲಿ.

ಬಯಾಸ್‌ನಲ್ಲಿ ಬೂಟ್ ಮೋಡ್ ಯುಇಎಫ್‌ಐ ಎಂದಿದೆಯೇ ನೋಡಿ; ಆಮೇಲೆ ಬದಲಿಸಿದರೆ ಹಾಕಿದ ಆಪರೇಟಿಂಗ್ ಸಿಸ್ಟಂ ಬೂಟ್ ಆಗುವುದಿಲ್ಲ. ‘ಎಸಿ ಪವರ್ ರಿಕವರಿ’ ಎಂಬ ಸೆಟ್ಟಿಂಗನ್ನೂ ಗಮನಿಸಿ. ‘ಲಾಸ್ಟ್’ ಎಂದಿದ್ದರೆ ಕರೆಂಟು ಹೋಗಿ ಬಂದ ಮೇಲೆ ಸರ್ವರ್ ಮೊದಲು ಯಾವ ಸ್ಥಿತಿಯಲ್ಲಿತ್ತೋ ಆ ಸ್ಥಿತಿಗೆ ಮರಳುತ್ತದೆ. ಅದರ ಕೆಳಗಿನ ವಿಳಂಬದ ಆಯ್ಕೆಯನ್ನು ‘ರ‍್ಯಾಂಡಮ್’ ಎಂದು ಇಟ್ಟರೆ, ಕರೆಂಟು ಬಂದ ಕ್ಷಣವೇ ರ‍್ಯಾಕ್‌ನ ಸರ್ವರುಗಳೆಲ್ಲ ಒಟ್ಟಿಗೆ ಎದ್ದು ಯುಪಿಎಸ್ ಮೇಲೆ ಭಾರ ಹೇರುವುದು ತಪ್ಪುತ್ತದೆ. ಲೋಡ್‌ಶೆಡ್ಡಿಂಗ್ ಕಂಡ ನಮ್ಮ ಊರುಗಳಲ್ಲಿ ಇದನ್ನು ವಿವರಿಸಬೇಕಾಗಿಲ್ಲ.

ಇನ್ನು ಒಎಸ್ ಡಿಪ್ಲಾಯ್‌ಮೆಂಟ್. ಯಾವ ಆಪರೇಟಿಂಗ್ ಸಿಸ್ಟಂ ಎಂದು ಆರಿಸಿದರೆ ಲೈಫ್‌ಸೈಕಲ್ ಕಂಟ್ರೋಲರ್ ತನ್ನಲ್ಲಿರುವ ತಕ್ಕ ಡ್ರೈವರುಗಳನ್ನು ಒಂದು ಪುಟ್ಟ ಡ್ರೈವಿನ ರೂಪದಲ್ಲಿ ಅನುಸ್ಥಾಪನೆಗೆ ಒದಗಿಸುತ್ತದೆ. ಆ ಡ್ರೈವ್ 18 ಗಂಟೆಗಳ ಕಾಲ ಕಾಣುತ್ತಿದ್ದು ಆಮೇಲೆ ತಾನಾಗಿ ಮರೆಯಾಗುತ್ತದೆ. ಅನುಸ್ಥಾಪನೆ ಮುಗಿದ ಮೇಲೆ ಯಾವುದೋ ಅಪರಿಚಿತ ಡ್ರೈವ್ ಕಾಣುತ್ತಿದೆಯೆಂದು ವೈರಸ್ ಹುಡುಕಬೇಡಿ.

ದೂರದಿಂದ ಹಾಕುವುದಾದರೆ ವರ್ಚುವಲ್ ಕನ್ಸೋಲ್ (ಸರ್ವರಿನ ಪರದೆ ಬ್ರೌಸರಿನಲ್ಲೇ ಕಾಣುವ ಸೌಲಭ್ಯ) ತೆರೆದು, ವರ್ಚುವಲ್ ಮೀಡಿಯಾದಲ್ಲಿ ಐಎಸ್ಒ ಕಡತವನ್ನು ಜೋಡಿಸಬಹುದು. ರ‍್ಯಾಕ್ ಸರ್ವರುಗಳಲ್ಲಿ ಇದಕ್ಕೆ ಐಡ್ರ್ಯಾಕ್‌ನ ಎಂಟರ್‌ಪ್ರೈಸ್ ಲೈಸೆನ್ಸ್ ಬೇಕು. ಸರ್ವರ್ ಕೊಳ್ಳುವಾಗ ಬೆಲೆ ತಗ್ಗಿಸಲು ಮೊದಲು ಕತ್ತರಿ ಬೀಳುವುದು ಇದಕ್ಕೇ, ಆಮೇಲೆ ಹೆಚ್ಚು ಪರಿತಪಿಸುವುದೂ ಇದಕ್ಕೇ. ಐಎಸ್ಒ ನಿಮ್ಮ ಲ್ಯಾಪ್‌ಟಾಪಿನಲ್ಲಿದ್ದರೆ ಸರ್ವರ್ ಓದುವ ಪ್ರತಿ ತುಣುಕೂ ನಿಮ್ಮ ಮನೆಯ ಬ್ರಾಡ್‌ಬ್ಯಾಂಡ್ ದಾಟಿ ಹೋಗಬೇಕು, ಇಡೀ ರಾತ್ರಿ ಹಿಡಿಯುತ್ತದೆ. ಅದೇ ನೆಟ್‌ವರ್ಕಿನ ಇನ್ನೊಂದು ಯಂತ್ರದಲ್ಲಿ ಎನ್‌ಎಫ್‌ಎಸ್ ಹಂಚಿಕೆಯಲ್ಲಿ (ನೆಟ್‌ವರ್ಕಿನ ಮೇಲೆ ಹಂಚಿದ ಫೋಲ್ಡರ್) ಇಟ್ಟು, ರಿಮೋಟ್ ಫೈಲ್ ಶೇರ್ ಮೂಲಕ ಜೋಡಿಸಿ.

ಆರನೆಯ ಹೆಜ್ಜೆ: ಎಚ್ಚರಿಕೆಯ ಗಂಟೆ ಮತ್ತು ನಕಲು

ಡಿಸ್ಕು ಸಾಯುವ ಮೊದಲೇ ಐಡ್ರ್ಯಾಕ್‌ಗೆ ಬಹುಮಟ್ಟಿಗೆ ಗೊತ್ತಾಗುತ್ತದೆ. ಪಿಡಿಆರ್16 ಎಂಬ ಸಂದೇಶ ಬಂದರೆ ಆ ಡಿಸ್ಕು ಸದ್ಯದಲ್ಲೇ ಕೆಡಬಹುದೆಂದು ಡಿಸ್ಕೇ ಹೇಳಿಕೊಂಡಿದೆ ಎಂದರ್ಥ. ಎಂಇಎಂ0701 ಎಂಬುದು ಒಂದು ಮೆಮೊರಿ ಪಟ್ಟಿಯಲ್ಲಿ ತಿದ್ದಬಹುದಾದ ತಪ್ಪುಗಳು ಮಿತಿ ಮೀರಿವೆ ಎನ್ನುತ್ತದೆ. ಆದರೆ ನೀವು ಅಲರ್ಟ್ಸ್ ಪುಟಕ್ಕೆ ಹೋಗಿ ಒಟ್ಟಾರೆ ಅಲರ್ಟುಗಳನ್ನು ಆನ್ ಮಾಡಿ, ಎಸ್‌ಎಂಟಿಪಿ (ಮೇಲ್ ಕಳಿಸುವ) ಸರ್ವರ್ ಮತ್ತು ಇಮೇಲ್ ವಿಳಾಸ ಕೊಡುವವರೆಗೆ ಅದು ಯಾರಿಗೂ ಬಾಯಿಬಿಡುವುದಿಲ್ಲ. ಅಲ್ಲೇ ಇರುವ ಟೆಸ್ಟ್ ಗುಂಡಿಯನ್ನು ಒತ್ತಿ, ಮೇಲ್ ನಿಜಕ್ಕೂ ಬಂತೇ ಎಂದು ನೋಡಿ. ಒಬ್ಬರ ಸ್ವಂತ ವಿಳಾಸ ಕೊಡುವ ಬದಲು ತಂಡದ ವಿಳಾಸ ಕೊಡಿ. ಜನ ಕೆಲಸ ಬಿಡುತ್ತಾರೆ, ಸರ್ವರ್ ಅಲ್ಲೇ ಇರುತ್ತದೆ.

ಎಲ್ಲ ಮುಗಿದ ಮೇಲೆ ಸರ್ವರ್ ಕಾನ್ಫಿಗರೇಷನ್ ಪ್ರೊಫೈಲ್ ಎಂಬುದನ್ನು ಎಕ್ಸ್‌ಪೋರ್ಟ್ ಮಾಡಿ. ಬಯಾಸ್, ಐಡ್ರ್ಯಾಕ್, ರೇಡ್, ನೆಟ್‌ವರ್ಕ್ ಕಾರ್ಡುಗಳ ಸೆಟ್ಟಿಂಗೆಲ್ಲ ಒಂದು ಎಕ್ಸ್‌ಎಂಎಲ್ ಅಥವಾ ಜೇಸನ್ ಕಡತವಾಗಿ ಸಿಗುತ್ತದೆ. ಅದೇ ಬಗೆಯ ಇನ್ನೊಂದು ಸರ್ವರ್ ಬಂದಾಗ ಕೈಯಲ್ಲಿ ಮತ್ತೆ ಎಲ್ಲವನ್ನೂ ಕೂರಿಸಬೇಕಾಗಿಲ್ಲ, ಕಡತವನ್ನು ಇಂಪೋರ್ಟ್ ಮಾಡಿದರೆ ಆಯಿತು. ಐಪಿ ವಿಳಾಸವನ್ನು ಮಾತ್ರ ಮೊದಲು ಬದಲಿಸಿ, ಮತ್ತು ರೇಡ್ ಭಾಗ ಸೇರಿದ್ದರೆ ಇಂಪೋರ್ಟ್ ವೇಳೆ ಡಿಸ್ಕುಗಳು ಅಳಿಯಬಹುದು ಎಂಬುದು ನೆನಪಿರಲಿ.

ಲೈಫ್‌ಸೈಕಲ್ ಕಂಟ್ರೋಲರ್‌ನ ಸೆಟ್ಟಿಂಗ್ಸ್‌ನಲ್ಲಿ ‘ಕಲೆಕ್ಟ್ ಸಿಸ್ಟಂ ಇನ್ವೆಂಟರಿ ಆನ್ ರೀಸ್ಟಾರ್ಟ್’ ಎಂಬುದು ಆನ್ ಆಗಿರಲಿ. ಅದು ಆಫ್ ಆಗಿದ್ದರೆ ನೀವು ಹೊಸ ಮೆಮೊರಿ ಹಾಕಿದರೂ ಐಡ್ರ್ಯಾಕ್ ಹಳೆಯ ಲೆಕ್ಕವನ್ನೇ ತೋರಿಸುತ್ತಿರುತ್ತದೆ. ಮದರ್‌ಬೋರ್ಡ್ ಬದಲಾಯಿಸಬೇಕಾದ ದಿನ ಬಂದರೆ ಈಝಿ ರೀಸ್ಟೋರ್ ಎಂಬ ಸೌಲಭ್ಯವಿದೆ: ಸರ್ವಿಸ್ ಟ್ಯಾಗ್, ಲೈಸೆನ್ಸ್, ಬಯಾಸ್ ಮತ್ತು ಐಡ್ರ್ಯಾಕ್ ಸೆಟ್ಟಿಂಗುಗಳು ಮದರ್‌ಬೋರ್ಡಿನ ಹೊರಗಿನ ಒಂದು ಸಣ್ಣ ಫ್ಲ್ಯಾಶ್‌ನಲ್ಲೂ ಇರುತ್ತವೆ, ಹೊಸ ಬೋರ್ಡ್ ಮೊದಲ ಸಲ ಎದ್ದಾಗ ಅವನ್ನು ಹಿಂದಕ್ಕೆ ತರಲೇ ಎಂದು ಕೇಳುತ್ತದೆ.

ಐಡ್ರ್ಯಾಕ್ ಸ್ವತಃ ಮಂಕಾದರೆ

ವರ್ಷಗಟ್ಟಲೆ ಎಚ್ಚರವಾಗಿರುವ ಚಿಪ್ ಒಮ್ಮೊಮ್ಮೆ ತೂಕಡಿಸುತ್ತದೆ. ಲಾಗಿನ್ ಪುಟ ತೆರೆಯದೆ ಹೋದರೆ, ಸರ್ವರಿನ ಮುಂಭಾಗದಲ್ಲಿ ‘ಐ’ ಗುರುತಿನ ನೀಲಿ ದೀಪದ ಗುಂಡಿಯನ್ನು 16 ಸೆಕೆಂಡಿಗೂ ಹೆಚ್ಚು ಒತ್ತಿ ಹಿಡಿಯಿರಿ. ಐಡ್ರ್ಯಾಕ್ ಮಾತ್ರ ಮರುಚಾಲೂ ಆಗುತ್ತದೆ, ಆಪರೇಟಿಂಗ್ ಸಿಸ್ಟಂಗೆ ಏನೂ ತಿಳಿಯುವುದಿಲ್ಲ. ಫೋನಿನಲ್ಲಿ ಡೇಟಾ ಸೆಂಟರಿನ ಸಿಬ್ಬಂದಿಗೆ ಹೇಳಿ ಮಾಡಿಸುವಾಗ ಪವರ್ ಗುಂಡಿ ಯಾವುದು, ‘ಐ’ ಗುಂಡಿ ಯಾವುದು ಎಂದು ಎರಡು ಸಲ ಹೇಳಿಸಿಕೊಳ್ಳಿ. ಇದಕ್ಕೂ ಬಗ್ಗದಿದ್ದರೆ ಸರ್ವರನ್ನು ಸರಿಯಾಗಿ ಶಟ್‌ಡೌನ್ ಮಾಡಿ, ಎರಡೂ ಪವರ್ ಕೇಬಲ್ ಕಿತ್ತು, ಪವರ್ ಗುಂಡಿಯನ್ನು ಅರ್ಧ ನಿಮಿಷ ಒತ್ತಿ ಹಿಡಿದು ಉಳಿದ ಕರೆಂಟು ಖಾಲಿಯಾದ ಮೇಲೆ ಮತ್ತೆ ಚುಚ್ಚಬೇಕು.

ಸರ್ವರ್ ಕೈಬಿಡುವಾಗ

ಡಿಸ್ಕುಗಳನ್ನು ತೆಗೆದುಕೊಂಡು ಉಳಿದದ್ದನ್ನು ಮಾರಿದರೆ ಸಾಕೆಂದು ಹಲವರು ತಿಳಿದಿದ್ದಾರೆ. ಕಲಿಯಲೆಂದು ನಾನು ಕೊಂಡ ಹಳೆಯ ಪವರ್‌ಎಡ್ಜ್ ಒಂದರಲ್ಲಿ ಡಿಸ್ಕುಗಳೇ ಇರಲಿಲ್ಲ. ಆದರೆ ಐಡ್ರ್ಯಾಕ್ ತೆರೆದು ನೋಡಿದರೆ ಹಿಂದಿನ ಒಡೆಯರ ಒಳ ನೆಟ್‌ವರ್ಕಿನ ವಿಳಾಸಗಳು, ಮೇಲ್ ಸರ್ವರಿನ ಹೆಸರು, ಅಲರ್ಟ್ ಹೋಗುತ್ತಿದ್ದ ನಾಲ್ಕು ಜನರ ಇಮೇಲ್ ವಿಳಾಸಗಳು, ಮೂರು ವರ್ಷದ ಲಾಗ್ ಎಲ್ಲ ಹಾಗೆಯೇ ಇದ್ದವು. ನಾನು ಮನೆಯ ನೆಟ್‌ವರ್ಕಿಗೆ ಜೋಡಿಸಿದ ಗಳಿಗೆಯಿಂದ ಅದು ಆ ನಾಲ್ವರಿಗೆ ಫ್ಯಾನ್ ಕೆಟ್ಟಿದೆ ಎಂದು ಮೇಲ್ ಕಳಿಸಲು ಹೆಣಗುತ್ತಿತ್ತು.

ಇದಕ್ಕಾಗಿಯೇ ಲೈಫ್‌ಸೈಕಲ್ ಕಂಟ್ರೋಲರ್‌ನ ಹಾರ್ಡ್‌ವೇರ್ ಕಾನ್ಫಿಗರೇಷನ್‌ನಲ್ಲಿ ‘ರೀಪರ್ಪಸ್ ಆರ್ ರಿಟೈರ್ ಸಿಸ್ಟಂ’ ಎಂಬ ಆಯ್ಕೆಯಿದೆ. ಅದರಲ್ಲಿ ಬಯಾಸ್, ಐಡ್ರ್ಯಾಕ್ ಸೆಟ್ಟಿಂಗುಗಳು, ಲೈಫ್‌ಸೈಕಲ್ ಲಾಗ್ ಮತ್ತು ಡಿಸ್ಕುಗಳನ್ನು ಬೇರೆಬೇರೆಯಾಗಿ ಗುರುತು ಹಾಕಿ ಅಳಿಸಬಹುದು. ಶುರುಮಾಡುವ ಮೊದಲು ಲೈಸೆನ್ಸನ್ನು ಎಕ್ಸ್‌ಪೋರ್ಟ್ ಮಾಡಿಟ್ಟುಕೊಳ್ಳಿ. ಮುಗಿದ ಮೇಲೆ ಐಡ್ರ್ಯಾಕ್ ತನ್ನ ಮೂಲ ವಿಳಾಸ ಮತ್ತು ಮೂಲ ಪಾಸ್‌ವರ್ಡ್‌ಗೆ ಮರಳಿರುತ್ತದೆ. ಮುಂಭಾಗದ ಪ್ಲಾಸ್ಟಿಕ್ ಪಟ್ಟಿಯ ಮೇಲೆ ನೀವು ಬರೆದಿಟ್ಟ ಐಪಿ ವಿಳಾಸವನ್ನೂ ಆಗ ಒರೆಸಿಹಾಕಿ.